ಒಬ್ಬ ಸ್ವಾಮಿನಿಷ್ಠನ ಪ್ರೇಮಪ್ರಸಂಗ

ಮಗಳಿಗೆ ಇವತ್ತು ಡ್ರೈವಿಂಗ್ ಟೆಸ್ಟು. ಎಂಟು ಗಂಟೆಗೆ ಬನ್ನಿ ಎಂದಿದ್ದರೆ ನಾನು ಆರೂವರೆಗೇ ಟೆಸ್ಟ್ ಸೆಂಟರಿನ ಗೇಟಿನ ಎದುರು ಕಾರು ತಂದು ನಿಲ್ಲಿಸಿದ್ದೇನೆ. "ವೈ ಸೋ ಅರ್ಲಿ, ಅಪ್ಪಾ?" ಎಂದು ಗೊಣಗಿ ಅವಳು ಒಂದು ಪುಸ್ತಕ ತೆರೆದಳು. ಮುಖಪುಟದಲ್ಲಿ ಕಬ್ಬಿಣದ ಕವಚ ತೊಟ್ಟು ಕುದುರೆಯೇರಿದ ವೀರನೊಬ್ಬ ಕೋಟೆಯ ಕಿಟಕಿಯಲ್ಲಿ ನಿಂತ ಹೆಂಗಸಿಗೆ ತಲೆಬಾಗಿದ್ದಾನೆ. ನನಗೆ ಮುಜುಗರವಾಯಿತು. ಒಂದು ಕಾಲಕ್ಕೆ ನಾನೂ ಆ ವೀರರ ಪಂಗಡದವನೇ ಆಗಿದ್ದೆ, ನೋಡಿ.

ಎರಡು ಸಾವಿರದ ಇಸವಿಯ ಆಸುಪಾಸು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಲ್ಲಿ ನಾನು ಸ್ಟೋರ್‌ಕೀಪರ್. ಆರು ಜನರ ರೂಮಿನಲ್ಲಿ, ಯಾರೋ ಬಿಟ್ಟುಹೋದ ಇಂಥದೇ ಒಂದು ಪುಸ್ತಕ ನನ್ನ ಕೈಗೆ ಸಿಕ್ಕಿತು. ಯುರೋಪಿನ ಆ ಹಳೆಯ ವೀರರಿಗೆ ಎರಡೇ ಧರ್ಮ: ಅನ್ನ ಕೊಟ್ಟ ದೊರೆಗೆ ನಿಷ್ಠೆ, ದೊರೆಯ ರಾಣಿಗೆ ದೂರದಿಂದಲೇ ಪ್ರೇಮಸೇವೆ. ಎರಡನ್ನೂ ಒಬ್ಬನೇ ಮಾಡಬಹುದಂತೆ. ಎಷ್ಟು ಅನುಕೂಲದ ಧರ್ಮ, ನೀವೇ ಹೇಳಿ. ನನ್ನ ದೊರೆ ಗೋದಾಮಿನ ಮಾಲೀಕರಾದ ಭಂಡಾರಿಯವರು. ನನ್ನ ವೀಸಾ ಅವರ ಕೈಯಲ್ಲಿತ್ತು. ರಾಣಿ ಅವರ ಹೆಂಡತಿ ಶೈಲಕ್ಕ, ಮಿರ್ದಿಫ್‌ನ ವಿಲ್ಲಾದಲ್ಲಿದ್ದರು.

ಪುಸ್ತಕದ ವೀರರು ಪ್ರೇಯಸಿಗಾಗಿ ರಾಕ್ಷಸರನ್ನು ಕೊಂದರು. ನಾನು ಗ್ಯಾಸ್ ಸಿಲಿಂಡರ್ ಹೊತ್ತೆ. "ಮಜ್ಜಿಗೆ ಕುಡಿದು ಹೋಗಿ" ಎಂದು ಶೈಲಕ್ಕ ಕೂರಿಸಿ, ತಂಗಿಯ ಮದುವೆ ಎಲ್ಲಿಗೆ ಬಂತು ಎಂದು ವಿಚಾರಿಸಿದರೆ ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೌದು, ಪ್ರೀತಿಸುತ್ತಿದ್ದೆ. ಬಾಯಿ ಬಿಡುವ ಧೈರ್ಯ ಇರಲಿಲ್ಲ, ಅದನ್ನೇ ಸಂಯಮ ಎಂದುಕೊಂಡಿದ್ದೆ.

ಶೈಲಕ್ಕ ಊರಲ್ಲಿ ಟೀಚರಾಗಿದ್ದವರು. ಇಲ್ಲೂ ಒಂದು ಶಾಲೆಯಲ್ಲಿ ಕೆಲಸ ಸಿಗುವ ಹಾಗಿತ್ತು. ಆದರೆ ಅದು ದೂರ, ಸ್ವಂತ ಕಾರೇ ಗತಿ. ಆ ತಿಂಗಳೊಳಗೆ ಲೈಸೆನ್ಸ್ ಆಗದಿದ್ದರೆ ಕೆಲಸ ಬೇರೆಯವರಿಗೆ. ಅವರನ್ನು ಟೆಸ್ಟಿಗೆ ಕರೆದೊಯ್ಯುವ ಭಾಗ್ಯ ನನ್ನದಾಯಿತು. ಹಿಂದಿನ ದಿನ ಭಂಡಾರಿಯವರು ಕರೆದು ಹೇಳಿದರು: "ಅವಳು ಕೆಲಸಕ್ಕೆ ಹೋದರೆ ಮನೆ ನೋಡುವುದು ಯಾರು ಮಾರಾಯಾ? ಬೇಡ ಅಂದರೆ ಜಗಳ. ನಾಳೆ ನೀನು ಸ್ವಲ್ಪ ಲೇಟ್ ಮಾಡು. ಟೆಸ್ಟ್ ತಪ್ಪಿದರೆ ಮುಂದಿನ ಡೇಟ್ ಸಿಗುವಷ್ಟರಲ್ಲಿ ತಿಂಗಳು ಮುಗಿಯುತ್ತದೆ, ಖಲಾಸ್."

ಪುಸ್ತಕದ ವೀರನಾಗಿದ್ದರೆ ಖಡ್ಗ ಹಿರಿಯುತ್ತಿದ್ದ. ನಾನು "ಆಯ್ತು ಸರ್" ಅಂದೆ.

ಮರುದಿನ ಶಿಷ್ಟಾಚಾರಕ್ಕೇನೂ ಕೊರತೆ ಮಾಡಲಿಲ್ಲ. ಬಗ್ಗಿ ಕಾರಿನ ಬಾಗಿಲು ತೆಗೆದೆ. ಪೆಟ್ರೋಲ್ ಹಾಕಿಸಿದೆ, ಟಯರಿಗೆ ಗಾಳಿ ನೋಡಿಸಿದೆ, ಆಮೇಲೆ ಬೇಕೆಂದೇ ದಾರಿ ಬಿಟ್ಟು ಶಾರ್ಜಾ ಕಡೆ ತಿರುಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಶೈಲಕ್ಕ ಹಿಂದಿನ ಸೀಟಿನಲ್ಲಿ ಫೈಲನ್ನು ಎದೆಗವಚಿಕೊಂಡು ಕೂತಿದ್ದರು. ತಲುಪುವಷ್ಟರಲ್ಲಿ ಅವರ ಸರದಿ ಮುಗಿದಿತ್ತು. "ಇರಲಿ, ನಿಮ್ಮದೇನು ತಪ್ಪು" ಎಂದರು. ಕೆಲಸ ಬೇರೆ ಯಾರಿಗೋ ಹೋಯಿತು. ನನ್ನ ವೀಸಾ ರಿನ್ಯೂ ಆಯಿತು.

ಇಷ್ಟನ್ನೂ ಇವತ್ತು ಮಗಳಿಗೆ ಹೇಳಿಬಿಟ್ಟೆ. ಅವಳು ಪುಸ್ತಕ ಮುಚ್ಚಿ, "ಸಾರಿ ಕೇಳಿದ್ಯಾ?" ಎಂದಳು. ಉತ್ತರಕ್ಕೆ ಕಾಯದೆ ಇಳಿದು ಒಳಗೆ ಹೋದಳು. ಶೈಲಕ್ಕ ಈಗ ಉಡುಪಿಯಲ್ಲಿದ್ದಾರೆ. ಅವರ ನಂಬರು ಸಿಕ್ಕಿ ವರ್ಷಗಳಾಗಿದ್ದವು. ಇವತ್ತು ಫೋನ್ ಹಚ್ಚಿದೆ, ತಡವರಿಸುತ್ತ ಎಲ್ಲ ಒಪ್ಪಿಕೊಂಡೆ.

"ಲೇಟ್ ಮಾಡಿಸಿದ್ದು ಇವರೇ ಅಂತ ಅವತ್ತೇ ಗೊತ್ತಾಗಿತ್ತು ಮಾರಾಯ್ರೆ," ಎಂದರು ಶೈಲಕ್ಕ. "ಇಳಿದು ಟ್ಯಾಕ್ಸಿ ಹಿಡಿಯಬಹುದಿತ್ತು. ಆದರೆ ನಾನು ಪಾಸಾಗಿ ಬಂದಿದ್ದರೆ ಇವರು ನಿಮ್ಮನ್ನು ಊರಿಗೆ ಕಳಿಸಿಬಿಡುತ್ತಿದ್ದರು. ಆ ವರ್ಷ ನಿಮ್ಮ ತಂಗಿಯ ಮದುವೆ ಇತ್ತಲ್ಲ. ಅದಕ್ಕೇ ಸುಮ್ಮನೆ ಕೂತೆ."