ಒಂದು ಹಿಡಿ ಅಕ್ಕಿ

ಎಸ್ಟೇಟ್ ಕೂಲಿಗಳ ಲೈನ್ ಮನೆಯ ಮೇರಿಯಕ್ಕ ಬಾಗಿಲಲ್ಲಿ ನಿಂತು ಚಾಚಿದ ಬಟ್ಟೆ ಚೀಲದಲ್ಲಿ ಕೆಂಪಕ್ಕಿ, ಬಿಳಿ ಅಕ್ಕಿ, ಕುಚ್ಚಲಕ್ಕಿ ಎಲ್ಲವೂ ಬೆರೆತಿದ್ದವು. ಬೆಳಗೋಡಿನ ನಮ್ಮ ಪುಟ್ಟ ಚರ್ಚಿನ ಹೆಂಗಸರು ದಿನವೂ ಅಡುಗೆಗೆ ಮೊದಲು ಒಂದೊಂದು ಹಿಡಿ ಎತ್ತಿಟ್ಟು, ಭಾನುವಾರ ಒಟ್ಟು ಮಾಡುತ್ತಿದ್ದ ಅಕ್ಕಿ ಅದು. ಅಮ್ಮ ತೀರಿಕೊಂಡ ಮೇಲೆ ನಾನು ಅತ್ತ ಹೋಗಿರಲಿಲ್ಲ; ಯಾರೂ ಬೇಡವೆನಿಸಿತ್ತು.

"ಇದು ಇಲ್ಲದವರಿಗಲ್ವಾ ಅಕ್ಕ? ನನಗೆ ಸಂಬಳ ಬರುತ್ತೆ," ಎಂದೆ.

ಮೇರಿಯಕ್ಕ ಚಪ್ಪಲಿ ಬಿಟ್ಟು ನೇರ ಒಳಗೆ ಬಂದರು. "ಒಬ್ರೇ ಉಣ್ಣೋರ್ಗೂ ಐತೆ ಕಣವ್ವ. ನಮ್ ಯಜಮಾನ್ರು ಹೋದಾಗ ನಿಮ್ಮವ್ವ ನಂಗೂ ಹಿಂಗೇ ತಂದಿದ್ರು. ಒಲೆ ಹಚ್ಚು, ನಾನೂ ಉಣ್ತೀನಿ."

ಅನ್ನ ಅರ್ಧ ಮುದ್ದೆಯಾಗಿ, ಅರ್ಧ ಬೇಯದೆ ಉಳಿಯಿತು. ಇಬ್ಬರೂ ನಗುತ್ತಲೇ ಉಂಡೆವು. ಆ ಕಲಬೆರಕೆ ಅನ್ನದ ಘಮ ಇಂದಿಗೂ ನನಗೆ ಅಮ್ಮನ ಭಾನುವಾರಗಳನ್ನು ನೆನಪಿಸುತ್ತದೆ.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿ ತೆಗೆದು, ಚರ್ಚಿನ ಅಕ್ಕಿಗೆಂದು ಅಮ್ಮ ಇಟ್ಟಿದ್ದ, ಈಗ ಖಾಲಿಯಾಗಿದ್ದ ಡಬ್ಬಿಗೆ ಹಾಕಿದೆ.