ಚೊಚ್ಚಲ ಹೆರಿಗೆ ತವರಿನಲ್ಲೇ

ಸೌದಿಯ ಜಿದ್ದಾ ನಗರದ ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿ ಊರಿನ ದೊಡ್ಡ ಗುತ್ತಿನ ಮನೆತನದವರೊಬ್ಬರಿದ್ದರು. ಊರಲ್ಲಿ ಅವರು ಬಂದರೆ ಜನ ಎದ್ದು ನಿಲ್ಲುತ್ತಿದ್ದರಂತೆ. ಇಲ್ಲಿ ವೀಸಾ ಕೊಟ್ಟ ಅರಬಿ ಧಣಿ, ಕಫೀಲನ ಟೈಲ್ಸ್ ಅಂಗಡಿಗೆ ಮ್ಯಾನೇಜರ್. ತಾಯಿಯಿಲ್ಲದ ಒಬ್ಬಳೇ ಮಗಳು, ನಿಶ್ಚಯವಾಗಿದ್ದ ಸಂಬಂಧ ಬಿಟ್ಟು ಅದೇ ಅಂಗಡಿಯ ಸೇಲ್ಸ್‌ಮನ್ನನ್ನು ಮದುವೆಯಾದಳು. ಆ ಅಳಿಯ ಕೆಲಸದವರನ್ನು ಕಟ್ಟಿಕೊಂಡು ವಾರದ ರಜೆಗಾಗಿ ಕಫೀಲನ ಮೇಲೆ ದೂರು ಕೊಟ್ಟ. ಕಫೀಲ್ ಅವನನ್ನು ಮರಳಿ ಬಾರದಂತೆ ಊರಿಗೆ ಅಟ್ಟಿದ. ಅವಳಿಗಾಗ ಐದು ತಿಂಗಳು. ಹಿಂದಿನಿಂದ ಬಾ ಎಂದು ಗಂಡ ಒಂದು ಕೆಂಪು ಪೆಟ್ಟಿಗೆ ತಂದು, ಏರ್‌ಪೋರ್ಟಿನಲ್ಲಿ ಗುರುತು ಸಿಗಲೆಂದು ಹಿಡಿಗೆ ಹಸಿರು ರಿಬ್ಬನ್ ಕಟ್ಟಿಕೊಟ್ಟು ಹೋಗಿದ್ದ.

ಆ ವಾರವೇ ತಂದೆ ಮಗಳನ್ನು ಪೆಟ್ಟಿಗೆ ಸಮೇತ ಮನೆಗೆ ಕರೆತಂದರು. ಅವಳ ವಾಸದ ಪರವಾನಗಿ, ಇಕಾಮಾ, ಮದುವೆಯಾದ ಮೇಲೂ ಅವರ ಹೆಸರಿನಲ್ಲೇ ಇತ್ತು. ದೇಶ ಬಿಡಲು ಅನುಮತಿ ಅವರ ಫೋನಿನಿಂದಲೇ ಆಗಬೇಕು.

ಮೆಟ್ಟಿಲಲ್ಲಿ ಸಿಕ್ಕಾಗ ನಾನೇ ಕೇಳಿದೆ. "ಅಣ್ಣ, ಅವಳಿಗೊಂದು ಎಕ್ಸಿಟ್ ಹಾಕಿಕೊಡಿ. ಗಂಡನ ಹತ್ತಿರ ಹೋಗಲಿ."

"ಎಂತ ಅಕ್ಕ, ತಿಳಿದವರು ನೀವೇ ಹೀಗೆ ಹೇಳುವುದಾ? ಚೊಚ್ಚಲು ತವರಲ್ಲೇ ಆಗಬೇಕಲ್ವಾ? ನಿಮ್ಮದು ಎಲ್ಲಿ ಆದದ್ದು?"

ನನ್ನದೂ ತವರಿನಲ್ಲೇ ಆದದ್ದು. ದೂರು ಕೊಡೋಣವೆಂದರೆ, ತವರಿನಲ್ಲಿರುವವಳನ್ನು ಸೆರೆಯಲ್ಲಿದ್ದಾಳೆ ಎಂದು ಯಾರಿಗೆ ಹೇಳುವುದು?

ಏಳನೆಯ ತಿಂಗಳಲ್ಲಿ ಅವರು ಬಯಕೆಯೂಟ ಇಟ್ಟುಕೊಂಡರು. ಅಡುಗೆ ನನ್ನದು. ಹಲಸಿನ ಎಲೆ ಸಿಗದೆ ಕಡುಬನ್ನು ಸ್ಟೀಲ್ ಲೋಟಗಳಲ್ಲಿ ಬೇಯಿಸಿದೆ. ಸೌದಿಯದೇ ಜೀಝಾನ್ ಕಡೆಯ ಮಲ್ಲಿಗೆ ತರಿಸಿ ಅವಳಿಗೆ ಮುಡಿಸಿದೆ.

"ಇನ್ನು ಸ್ವಲ್ಪ ದಿನ ಅಷ್ಟೆ ಅಕ್ಕ. ಆಮೇಲೆ ವಿಮಾನಕ್ಕೂ ಹತ್ತಿಸುವುದಿಲ್ಲ."

"ಇವತ್ತು ಅಪ್ಪ ಖುಷಿಯಲ್ಲಿದ್ದಾರೆ. ಕೇಳಿ ನೋಡು."

"ಖುಷಿಯಾಗದೆ ಇರ್ತದಾ? ಬಲೆಗೆ ಬಿದ್ದದ್ದು ಭಾರೀ ಬೆಲೆಯ ಅಂಜಲ್ ಮೀನಲ್ವಾ!" ಎಂದು ನಕ್ಕಳು.

ಗಂಡಸರ ಸಾಲಿನಲ್ಲಿ ಕಫೀಲನೂ ಬಂದು ಕುಳಿತಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ತಂದೆ.

"ಇಲ್ಲಿ ಬಾ ಮಗಾ, ಇವರೊಮ್ಮೆ ನೋಡಲಿ."

ಅವಳು ಹೋಗಿ ನಿಂತಳು. ಎರಡೂ ಕೈ ಸೆರಗಿನೊಳಗೆ, ಕಣ್ಣು ತನ್ನ ಹೊಟ್ಟೆಯ ಮೇಲೆ. ಕಫೀಲ್ ಖರ್ಜೂರ ಜಗಿಯುತ್ತಾ "ಮಬ್ರೂಕ್" ಎಂದು ಅಭಿನಂದಿಸಿದ.

"ಗಂಡಾದರೆ ನಮ್ಮ ಅಂಗಡಿಗೇ," ಎಂದು ತಂದೆ ಅರಬಿಯಲ್ಲೂ ಕನ್ನಡದಲ್ಲೂ ಹೇಳಿ ಎಲ್ಲರನ್ನೂ ನಗಿಸಿದರು.

ಈಗ ಕೇಳುತ್ತಾಳೆ, ಇಷ್ಟು ಜನರೆದುರು ಇಲ್ಲವೆನ್ನಲಾರರು ಎಂದು ನಾನು ಕಡುಬಿನ ತಟ್ಟೆ ಹಿಡಿದು ಕಾಯುತ್ತಿದ್ದೆ. ಅವಳು ಕೇಳಲಿಲ್ಲ, ಅಳಲೂ ಇಲ್ಲ. ಹಾಗೆಯೇ ನಿಂತಿದ್ದು ಒಳಗೆ ಬಂದಳು.

"ಯಾಕೆ ಮಾರಾಯ್ತಿ, ಬಾಯಿ ಬಿಡಬಾರದಿತ್ತಾ?"

"ಆ ಕಫೀಲನೆದುರು ಬೇಡುವುದಾ ಅಕ್ಕ? ನಾನೂ ಗುತ್ತಿನವಳೇ."

ದಿನಗಳು ಕಳೆದವು. ಇನ್ನು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ ಮರುದಿನ ಅವಳು ಬಟ್ಟೆಗಳನ್ನೆಲ್ಲ ತೆಗೆದಿರಿಸಿ ಖಾಲಿ ಪೆಟ್ಟಿಗೆಯನ್ನು ನನ್ನಲ್ಲಿಗೆ ತಂದಳು. "ರಜೆಗೆ ಹೋಗುವಾಗ ನಿಮಗೆ ಬೇಕಾಗ್ತದೆ."

ಮಗು ಗಂಡು. ಹಸಿರು ಟವೆಲಿನಲ್ಲಿ ಸುತ್ತಿದ ಮಗುವಿನ ಒಂದು ಫೋಟೋ ನನ್ನ ಫೋನಿಗೆ ಕಳಿಸಿದಳು, ಗಂಡನಿಗೆ ತೋರಿಸಲು. ಅವನ ನಂಬರನ್ನು ಅವಳ ಫೋನಿನಿಂದ ತಂದೆ ತೆಗೆಸಿದ್ದರು, ನನ್ನಲ್ಲೂ ಅದಿರಲಿಲ್ಲ.

ಶಾಲೆಗೆ ರಜೆಯಾದಾಗ ನಾನು ಊರಿಗೆ ಹೋದೆ. ಮಂಗಳೂರು ಏರ್‌ಪೋರ್ಟಿನ ಹೊರಗೆ, ಅಂಗಡಿಯ ಹುಡುಗರಿಂದ ನಾನು ಬರುವ ದಿನ ತಿಳಿದು, ಅವನು ನಿಂತಿದ್ದ. ಟ್ರಾಲಿಯ ಮೇಲಿದ್ದ ಹಸಿರು ರಿಬ್ಬನ್ ಅವನಿಗೆ ನನ್ನ ಮುಖಕ್ಕಿಂತ ಮೊದಲು ಕಂಡಿತು. ಜನರನ್ನು ಸರಿಸಿಕೊಂಡು ಓಡಿಬಂದವನು ನನ್ನನ್ನು ದಾಟಿ ಬಾಗಿಲಿನತ್ತ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ಹೊರಬಂದರು.

"ನೀವೊಬ್ಬರೇ ಬಂದದ್ದಾ ಅಕ್ಕ?"

"ಹೌದು ಮಗಾ," ಎಂದೆ. ಪರ್ಸಿನಿಂದ ಫೋನು ತೆಗೆದೆ. ಅವನು ಇನ್ನೂ ಬಾಗಿಲು ನೋಡುತ್ತಿದ್ದ.