ಕೆಂಪು ಪಟ್ಟಿ ಕಟ್ಟಿ ಕಳಿಸಿದ ಹಪ್ಪಳ

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಸಿದ್ದಾಪುರದ ನಮ್ಮ ಗೃಹೋತ್ಪನ್ನ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹಳೆಯ ಸೆಕ್ರೆಟರಿಯಾದ ನಾನು, ಹಪ್ಪಳ ಮಾಡುವ ಕ್ರಮವನ್ನು ಬದಲಿಸಿ ಸಂಘವನ್ನು ಹೇಗೆ ಮೇಲೆತ್ತಿದೆ ಎಂದು ಬರೆದುಕೊಡಬೇಕಂತೆ. ಈಗಿನ ಸೆಕ್ರೆಟರಿ ಹುಡುಗಿ ಫೋನ್ ಮಾಡಿದಾಗಲೆಲ್ಲ ಕಣ್ಣಿಗೆ ಪೊರೆ, ಮಂಡಿನೋವು, ಮನೆಗೆ ನೆಂಟರು ಎಂದು ಒಂದೊಂದು ನೆಪ ಹೇಳಿದೆ. ಕಣ್ಣು ಚೆನ್ನಾಗಿಯೇ ಇದೆ. ಆ ಬದಲಾವಣೆಯ ಕತೆ ಹೇಳಲು ಹೊರಟರೆ ನನ್ನ ಅಕ್ಕ ತೀರಿಹೋದ ಕತೆಯನ್ನೂ ಹೇಳಬೇಕಾಗುತ್ತದೆ. ಆ ಸಾವಿನ ತಪ್ಪು ತನ್ನದೆಂದು ತಿಳಿದು ಇವತ್ತಿಗೂ ಕೊರಗುತ್ತಿರುವ ಒಬ್ಬ ಹೆಂಗಸಿನ ಎದುರು ನಾನು ಬಾಯಿಮುಚ್ಚಿ ಕುಳಿತಿದ್ದೇನೆ ಎಂಬುದನ್ನೂ ಹೇಳಬೇಕಾಗುತ್ತದೆ.

ಮೊದಲು ನಮ್ಮ ಕೆಲಸ ಒಂದು ಉದ್ದನೆಯ ಬಾಡಿಗೆ ಹಾಲ್‌ನಲ್ಲಿ ನಡೆಯುತ್ತಿತ್ತು. ಹಲಸಿನಕಾಯಿ ಕಾಲದಲ್ಲಿ ಹೆಂಗಸರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕೆಲವರು ಸೊಳೆ ಬಿಡಿಸಿ ಬೇಯಿಸುವರು, ಕೆಲವರು ಕುಟ್ಟುವರು, ಉಳಿದವರು ಸಾಲಾಗಿ ಕೂತು ಉಂಡೆ ಕಟ್ಟಿ ಮಣೆಯಲ್ಲಿ ಒತ್ತುವರು. ಒತ್ತಿದ್ದನ್ನು ಚಾಪೆಗೆ ಹಾಕಿ ಬಿಸಿಲಿಗೆ ಸಾಗಿಸುವರು. ಅಕ್ಕನೂ ಬರುತ್ತಿದ್ದಳು. ಅವಳ ಪಕ್ಕ ಯಾವಾಗಲೂ ಮನ್ಮನೆ ಊರಿನ ಒಬ್ಬಳು ಕೂರುತ್ತಿದ್ದಳು, ಗದ್ದೆ ಕೆಲಸದ ಮನೆಯವಳು, ಅಕ್ಕನನ್ನು 'ಅಮ್ಮಾ' ಎನ್ನುವವಳು. ಇಬ್ಬರಿಗೂ ಬಾಯಿ ಜೋರು.

"ಅಮ್ಮಾ, ನಿಮ್ಮ ಉಂಡೆ ನೋಡಿದ್ರೆ ನಿಮ್ಮ ಯಜಮಾನ್ರು ಹೊಟ್ಟೆ ತುಂಬಾ ಉಣ್ತಾರೆ ಅಂತ ಗೊತ್ತಾಗ್ತದೆ. ಸ್ವಲ್ಪ ಸಣ್ಣ ಕಟ್ಟಿ" ಎಂದು ಅವಳು.

"ನಿನ್ನ ಉಂಡೆ ನೋಡಿದ್ರೆ ನಿನ್ನ ಗಂಡ ಎಂತಕ್ಕೆ ಒಣಗಿದಾನೆ ಅಂತ ಗೊತ್ತಾಗ್ತದೆ" ಎಂದು ಅಕ್ಕ.

ಸಾಲು ಪೂರ್ತಿ ನಗು. ಒಳಗೆ ಆಫೀಸಿನಲ್ಲಿ ಕೂತ ನನಗೆ ಆ ನಗು ಕೇಳಿದರೆ ಸಿಟ್ಟು ಬರುತ್ತಿತ್ತು. ನಗುವಾಗ ಕೈ ನಿಲ್ಲುತ್ತದಲ್ಲ.

ಆ ಮಾತಿನ ನಡುವೆಯೇ ಯಾರಿಗೆ ಜ್ವರ, ಯಾರ ಸೊಂಟ ಹಿಡಿದಿದೆ, ಯಾವ ಸೊಸೆಗೆ ಮುಟ್ಟು ನಿಂತಿದೆ ಎಂಬುದೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ಅಕ್ಕ ಪದೇಪದೇ ನೀರು ಕುಡಿಯಲು ಏಳುವುದನ್ನು ಕಂಡು ಮನ್ಮನೆಯವಳೇ ಅವಳನ್ನು ಕೈ ಹಿಡಿದೆಳೆದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸಕ್ಕರೆ ಕಾಯಿಲೆ ಹಾಗೆ ಪತ್ತೆಯಾಗಿತ್ತು. ಆಗ ನಾನು ಅವಳಿಗೆ ಉಪಕಾರ ಹೇಳಲಿಲ್ಲ. ಮಧ್ಯಾಹ್ನದ ಮೇಲೆ ಇಬ್ಬರೂ ಕೆಲಸಕ್ಕಿರಲಿಲ್ಲ ಎಂದು ಗೊಣಗಿದ್ದೆ.

ಸಂಘದ ಸ್ಥಿತಿ ಚೆನ್ನಾಗಿರಲಿಲ್ಲ ಎಂಬುದೂ ನಿಜ. ಶಿರಸಿ, ಹುಬ್ಬಳ್ಳಿ ಅಂಗಡಿಗಳು ಕೇಳಿದಷ್ಟು ಮಾಲು ಕೊಡಲು ನಮ್ಮಿಂದ ಆಗುತ್ತಿರಲಿಲ್ಲ. ಕೊಟ್ಟದ್ದರಲ್ಲಿ ಒಡಕು ಬಹಳ. ಆ ಹೊತ್ತಿಗೆ ಯಲ್ಲಾಪುರದಲ್ಲಿ ಸಣ್ಣ ಸಂಘಗಳ ಸೆಕ್ರೆಟರಿಗಳಿಗೆ ಒಂದು ತರಬೇತಿ ಇಟ್ಟರು. ಕೆಲಸದ ಒಂದೊಂದು ಹಂತವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಎಂದರು. ಆಮೇಲೆ ಒಂದೊಂದನ್ನೇ ನೋಡಿ, "ಇದಕ್ಕೆ ಗಿರಾಕಿ ದುಡ್ಡು ಕೊಡ್ತಾನಾ?" ಎಂದು ಕೇಳಿಕೊಳ್ಳಬೇಕು. ಕೊಡುವುದಿಲ್ಲವಾದರೆ ಅದು ನಷ್ಟ, ಕಿತ್ತು ಹಾಕಿ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಗೋಡೆಯ ಮೇಲೆ ಇಡೀ ಸಂಘ ಒಂದೇ ನೋಟಕ್ಕೆ ಕಂಡಾಗ ಎಷ್ಟು ಹಿಗ್ಗಿದೆನೆಂದರೆ, ನನಗೆ ಈ ಬುದ್ಧಿ ಮೊದಲೇ ಯಾಕೆ ಬರಲಿಲ್ಲ ಅನ್ನಿಸಿತು. ಬಸ್ಸಿಗೆ ಕಾಯುವುದು, ಚಾಪೆ ಹೊತ್ತು ತಿರುಗುವುದು, ಎಲ್ಲ ಬರೆದೆ. ಕೊನೆಯ ಚೀಟಿಯಲ್ಲಿ 'ಮಾತು' ಎಂದು ಬರೆದು ಅಂಟಿಸಿದೆ. ಕ್ಲಾಸಿನವರೆಲ್ಲ ನಕ್ಕರು. ಪಾಠ ಹೇಳುವವರು ಬೆನ್ನು ತಟ್ಟಿದರು. ಆ ಚೀಟಿಯನ್ನು ನಾನೇ ಕಿತ್ತೆ.

ಊರಿಗೆ ಬಂದವನು ಹೊಸ ಕ್ರಮ ಮಾಡಿದೆ. ಕುಟ್ಟಲು ಯಂತ್ರ ಬಂತು. ಬೆಳಿಗ್ಗೆ ವ್ಯಾನು ಹಿಟ್ಟನ್ನು ಮನೆಮನೆಗೆ ಕೊಟ್ಟು ಬರುವುದು. ಹೆಂಗಸರು ಮನೆಯಲ್ಲೇ ಒತ್ತಿ, ತಮ್ಮ ಅಂಗಳದಲ್ಲೇ ಒಣಗಿಸಿ ಇಡುವುದು. ಮುಂದಿನ ಸಲ ಬಂದಾಗ ವ್ಯಾನು ಅದನ್ನು ತರುವುದು. ಆಫೀಸಿನಲ್ಲಿ ನಾನು ದಪ್ಪ, ಅಗಲ, ಒಡಕು ನೋಡುವುದು. ಸರಿಯಿಲ್ಲದ ಕಟ್ಟಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ವ್ಯಾನಿನಲ್ಲೇ ವಾಪಸ್ ಕಳಿಸುವುದು.

ಇದನ್ನು ಹೇಳಲು ಸಭೆ ಕರೆದ ದಿನ ಮನ್ಮನೆಯವಳು ಎದ್ದು ನಿಂತಳು. "ಸೆಕ್ರೆಟ್ರೇ, ಮನೇಲಿ ಒಬ್ಳೇ ಕೂತು ಎಂತ ಮಾಡೂದು? ಗೋಡೆ ಹತ್ರ ಮಾತಾಡ್ಲಾ?"

"ಮಾತಾಡು. ಗೋಡೆ ತಿರುಗಿ ಮಾತಾಡೂದಿಲ್ಲ, ಕೆಲಸ ಬೇಗ ಮುಗೀತದೆ" ಎಂದೆ.

ಕಮಿಟಿಯವರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ, "ವಾರಕ್ಕೊಂದು ದಿನ ಆದ್ರೂ ಇಲ್ಲಿ ಕೂತ್ಕೊಳ್ತೇವೆ" ಎಂದಳು. ಹಾಲ್‌ನ ಬಾಡಿಗೆ ಯಾರು ಕೊಡುತ್ತಾರೆ ಎಂದು ಕೇಳಿ ಕೂರಿಸಿದೆ.

ಅಕ್ಕ ಹೊರಗೆ ಬಂದು ನನ್ನನ್ನು ತಡೆದು ನಮ್ಮ ಮನೆಮಾತಿನಲ್ಲಿ ಹೇಳಿದಳು: "ಮನ್ಮನೆದು ಹೇಳದು ಸರಿ ಇದ್ದು, ತಮಾ."

"ನೀನು ಸುಮ್ನಿರು ಅಕ್ಕಾ. ನಿಂಗೆ ಬಸ್ಸಿನ ತಾಪತ್ರಯ ತಪ್ಪಿತು."

"ಬಸ್ಸು ತಾಪತ್ರಯ ಹೇಳಿ ಆನು ಯಾವಾಗ ಹೇಳಿದ್ದೆ?"

ವ್ಯಾನಿನವನಿಗೆ ದಾರಿ ಹೇಳಬೇಕು ಎಂದು ಹೊರಟುಬಿಟ್ಟೆ.

ಹೊಸ ಕ್ರಮ ಗೆದ್ದಿತು. ಅದನ್ನು ಸುಳ್ಳೆಂದು ಹೇಳಲಾರೆ. ಮಾಲು ಹೊತ್ತಿಗೆ ಸರಿಯಾಗಿ ಹೋಯಿತು, ಒಡಕು ಕಡಿಮೆಯಾಯಿತು, ಪುಟ್ಟ ಮಕ್ಕಳಿದ್ದ ತಾಯಂದಿರಿಗೆ ಮನೆಯ ಕೆಲಸವೇ ಅನುಕೂಲವೂ ಆಯಿತು. ಬೇರೆ ಸಂಘದವರು ನೋಡಲು ಬಂದರು. ಅವರೆದುರು ಗೋಡೆಯ ಚೀಟಿಗಳ ಕತೆ ಹೇಳುವಾಗ 'ಮಾತು' ಚೀಟಿಯನ್ನು ಮರೆಯದೆ ಹೇಳುತ್ತಿದ್ದೆ.

ಎರಡನೆಯ ವರ್ಷದ ಹಂಗಾಮಿನಲ್ಲಿ ಅಕ್ಕನ ಹಪ್ಪಳ ಕೆಡತೊಡಗಿತು. ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ. ಎಣ್ಣೆಗೆ ಬಿಟ್ಟರೆ ಅರ್ಧ ಅರಳಿ ಅರ್ಧ ಹಾಗೇ ಉಳಿಯುತ್ತಿತ್ತು. ಮಣೆಯ ಮೇಲೆ ಒಂದೇ ಕೈಯ ಭಾರ ಬಿದ್ದರೆ ಹೀಗಾಗುತ್ತದೆ ಎಂದು ಹಿಂದಿನ ಸಾಲು ಇದ್ದಿದ್ದರೆ ಯಾರಾದರೂ ಹೇಳುತ್ತಿದ್ದರು. ನಾನು ಕಟ್ಟನ್ನು ಮಾತ್ರ ನೋಡಿದೆ. ಸೆಕ್ರೆಟರಿಯ ಅಕ್ಕನ ಮಾಲೆಂದು ಪಾಸು ಮಾಡಿದರು ಎಂಬ ಮಾತು ಬರಬಾರದಲ್ಲ. ಬೇರೆಯವರದಾಗಿದ್ದರೆ ಒಂದು ಸಲ ಬಿಡುತ್ತಿದ್ದೆನೇನೋ, ಅಕ್ಕನದನ್ನು ಬಿಡಲಿಲ್ಲ. ಆಫೀಸಿನಲ್ಲಿದ್ದ ಎಲ್ಲರ ಕಣ್ಣೆದುರಿಗೇ ಕೆಂಪು ಪಟ್ಟಿ ಬಿಗಿದು ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಮೂರನೆಯ ಸಲ ಹಿಟ್ಟನ್ನೇ ಕಡಿಮೆ ಕೊಡಲು ಹೇಳಿದೆ. ಅಕ್ಕನಿಂದ ಒಂದು ಮಾತೂ ಬರಲಿಲ್ಲ. ತಮ್ಮನ ಮರ್ಯಾದೆ ಅವಳಿಗೂ ಮುಖ್ಯವಾಗಿತ್ತು. ಅವಳ ಮನೆಗೆ ಹೋಗಿ 'ಎಂತ ಆತು ಅಕ್ಕಾ' ಎಂದು ಕೇಳಬಹುದಿತ್ತು. ಬೈಕು ಇತ್ತು, ದಾರಿಯೂ ದೂರವಿರಲಿಲ್ಲ.

ಅಕ್ಕನ ಬಲಗಡೆಯ ಮೊಲೆಯಲ್ಲಿ ಗಡ್ಡೆ ಎದ್ದು, ಕಂಕುಳು ಬಾತು, ಕೈ ಎತ್ತಲಾಗದಂತಾಗಿತ್ತು. ಗಂಡನಿಗೂ ಗಂಡುಮಕ್ಕಳಿಗೂ ಅದನ್ನು ಹೇಳಲು ಅವಳಿಗೆ ನಾಚಿಕೆ. ಹೇಳಿಕೊಳ್ಳುವ ಜಾಗ ಒಂದಿತ್ತು. ಅದನ್ನು ನಾನು ಗೋಡೆಯಿಂದ ಕಿತ್ತಿದ್ದೆ. ಭಾವನಿಗೆ ತಿಳಿದು, ಶಿರಸಿಯ ಡಾಕ್ಟರು ನೋಡಿ, ಹುಬ್ಬಳ್ಳಿಗೆ ಕಳಿಸುವ ಹೊತ್ತಿಗೆ ಹೊತ್ತು ಮೀರಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. "ಕೆಂಪು ಪಟ್ಟಿ ಕಟ್ಟಿದ್ದು ಆನೇ, ಅಕ್ಕಾ. ತಪ್ಪಾತು" ಎಂದು ಅವಳ ಕಾಲು ಹಿಡಿದೆ.

"ಗೊತ್ತಿದ್ದು" ಎಂದಳು. "ಆ ಪಟ್ಟಿಯ ಗಂಟು ನೋಡಿದ ಕೂಡ್ಲೇ ಗೊತ್ತಾತು. ಸಣ್ಣಿದ್ದಾಗ್ಲೂ ನೀನು ಹಾಕಿದ ಗಂಟು ಬಿಚ್ಚಲೇ ಬತ್ತಿತ್ತಿಲ್ಲೆ." ನಗಲು ಹೋದಳು, ಉಸಿರು ಸಾಲಲಿಲ್ಲ. ಸುಧಾರಿಸಿಕೊಂಡು ಹೇಳಿದಳು: "ಹಪ್ಪಳ ದಪ್ಪ ಇದ್ದಿದ್ದೂ ಹೌದು. ಅದು ಹೋಗ್ಲಿ. ಮನ್ಮನೆದು ನಿನ್ನೆ ಬಂದು ರಾಶಿ ಅತ್ತು ಹೋತು. ಎಲ್ಲಾ ತನ್ನ ಮೇಲೆ ಹಾಕ್ಕಂಡಿದ್ದು. ಅದ್ರದ್ದೇನೂ ತಪ್ಪಿಲ್ಲೆ ಹೇಳಿ ನೀನೇ ಹೇಳು, ತಮಾ. ಆನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೆ ಅಂದ್ಕತ್ತು."

ಹೇಳುತ್ತೇನೆ ಎಂದೆ. ಅಕ್ಕ ನನ್ನನ್ನು ಕ್ಷಮಿಸಿದಳು. ನನ್ನಿಂದ ಅವಳು ಕೇಳಿದ್ದು ಅದೊಂದೇ.

ಅಕ್ಕ ತೀರಿಹೋದ ಹದಿಮೂರನೆಯ ದಿನ ಮನ್ಮನೆಯವಳು ಬಂದು ಅಂಗಳದ ತುದಿಯಲ್ಲಿ ಕೂತಳು. ನಾನು ಊಟಕ್ಕೆ ಕರೆಯಲು ಹೋದೆ. "ಪಕ್ಕ ಕೂತವ್ಳು ನಾನು, ಸೆಕ್ರೆಟ್ರೇ" ಎಂದಳು. "ಕೆಲಸ ಮನೆಗೆ ಬಂತು ಅಂತ ನಾನೂ ಮನೇಲೇ ಕೂತೆ. ಒಂದ್ಸಲ ಬಸ್ ಹತ್ತಿ ನೋಡ್ಕೊಂಡು ಬರ್ಬಾರ್ದಿತ್ತಾ? ನೋಡಿದ್ರೆ ನಂಗೆ ಗೊತ್ತಾಗ್ತಿತ್ತು. ನಾನೇ ಕೊಂದೆ ಅಮ್ಮನ್ನ."

ಆಗ ಹೇಳಬೇಕಿತ್ತು. ನಿಮ್ಮಿಬ್ಬರನ್ನು ಬೇರೆ ಮಾಡಿದವನು ನಾನು, ಅಕ್ಕನ ಕೈ ಸೋತ ಗುರುತು ಆಫೀಸಿನ ಬಾಗಿಲಿಗೆ ಬಂದಾಗ ಕೆಂಪು ಪಟ್ಟಿ ಕಟ್ಟಿ ಹಿಂದಕ್ಕೆ ಕಳಿಸಿದವನು ನಾನು, ನೀನು ವಾರಕ್ಕೊಂದು ದಿನ ಕೇಳಿದಾಗ ನಿನ್ನನ್ನು ನಗೆಪಾಟಲು ಮಾಡಿದವನೂ ನಾನು. ಸುತ್ತ ಕಮಿಟಿಯವರಿದ್ದರು, ನೆಂಟರಿದ್ದರು. ನಾನು ಹೇಳಿದ್ದು ಇಷ್ಟು: "ಹಣೆಬರಹ. ಯಾರು ಎಂತ ಮಾಡೂಕೆ ಆಗ್ತದೆ? ಏಳು, ಊಟ ಮಾಡು." ಅವಳು ಊಟ ಮಾಡದೆ ಹೋದಳು.

ಆ ವರ್ಷದಿಂದ ಅವಳು ಹಪ್ಪಳದ ಮಣೆ ಮುಟ್ಟಿಲ್ಲ. ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆಗೀಗ ಸಿಗುತ್ತಾಳೆ. ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾಳೆ. ಏನೇ ಮಾತಾದರೂ ಕೊನೆಗೆ "ನಾನು ಹೋಗ್ಬೇಕಿತ್ತು" ಎನ್ನುತ್ತಾಳೆ. ನಾನು ಈ ವರ್ಷದ ಗದ್ದೆಯ ಸಂಗತಿ ಕೇಳುತ್ತೇನೆ. ಬಸ್ಸು ಬರುತ್ತದೆ, ಅವಳು ಹತ್ತುತ್ತಾಳೆ.

ಸಂಘದವರಿಗೆ ನನ್ನದೊಂದು ಬಿನ್ನಹ. ಕೆಲಸ ಸುಧಾರಿಸುವುದು ಬೇಡ ಎನ್ನುವಷ್ಟು ತಿಳಿಗೇಡಿ ನಾನಲ್ಲ. ಆದರೆ ಏನನ್ನಾದರೂ ನಷ್ಟವೆಂದು ಕಿತ್ತು ಹಾಕುವ ಮೊದಲು, ಅದರಿಂದ ಯಾರು ಬದುಕಿಕೊಂಡಿದ್ದಾರೆ ಎಂದು ಆ ಸಾಲಿನಲ್ಲಿ ಕೂತವರನ್ನೇ ಕೇಳಿ. ನಾನು ಕೇಳಲಿಲ್ಲ. ಅವರಾಗಿ ಹೇಳಿದ್ದನ್ನೂ ಕೇಳಿಸಿಕೊಳ್ಳಲಿಲ್ಲ.

ಇದು ಅಚ್ಚಾಗಿ ಮನ್ಮನೆಯವಳ ಕೈಗೆ ಹೋಗುವ ಮೊದಲು ನಾನೇ ಹೋಗಿ ಹೇಳಬೇಕು. ಇವತ್ತೂ ಅಂಗಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ಬಂದು ಇದನ್ನು ಬರೆಯುತ್ತ ಕೂತೆ. ಅಕ್ಕನ ಕಾಲು ಹಿಡಿದಾಗ ನಾಚಿಕೆಯಾಗಿರಲಿಲ್ಲ, ಅವಳು ಕ್ಷಮಿಸುತ್ತಾಳೆಂದು ಗೊತ್ತಿತ್ತು. ಇವಳು ಕ್ಷಮಿಸಲೇಬೇಕೆಂದಿಲ್ಲ. ನಾನು ತಪ್ಪಾಯಿತು ಎನ್ನದೇ ಉಳಿದಿರುವುದು ಇವಳಿಗೆ, ಮನ್ಮನೆಯಲ್ಲಿ ಇನ್ನೂ ತನ್ನನ್ನೇ ಬೈದುಕೊಳ್ಳುತ್ತಿರುವ, ನನ್ನ ಅಕ್ಕನ ಜೊತೆಗಾತಿಗೆ.